ಹತ್ತಿ ಹೂವಿಗೆ ಅರಿಷಿಣ

ಹಂಸಭಾವಿಯ ಹಾಲವ್ವ ತವರಿನ ಬಂಗಾರದ ಪಾಟ್ಲಿ ಬಳೆ ಮಾರಿ ಬೀಜದ ಕಂಪನಿಯ ಶೇರು ಕೊಂಡಳೆಂಬ ಸುದ್ದಿ, ಆಕೆ ಬಸ್ಸು ಇಳಿಯುವ ಮುಂಚೆಯೇ ಹಿರೇಕೆರೂರಿನಲ್ಲಿದ್ದ ಗಂಡನ ಬಟ್ಟೆ ಅಂಗಡಿಯನ್ನು ಮುಟ್ಟಿತ್ತು. ಪರಮೇಶಪ್ಪ ಅಳತೆಯ ಕಡ್ಡಿ ಕೆಳಗಿಟ್ಟು ಹೆಂಡತಿಯ ಕೈ ನೋಡಿದ. ಹಸಿರು ಬಳೆಗಳ ಹಿಂದೆ ಪಾಟ್ಲಿ ಇರುತ್ತಿದ್ದ ಜಾಗದಲ್ಲಿ ಬೆಳ್ಳಗಿನ ಒಂದು ಗೆರೆ ಮಾತ್ರ ಉಳಿದಿತ್ತು. ಅವನು ಸಿಟ್ಟಾಗಿದ್ದರೆ ಹಾಲವ್ವನಿಗೆ ಹಗುರವಾಗುತ್ತಿತ್ತು. ಅವನು ನಕ್ಕ.

ಆ ಕಂಪನಿಯ ಹತ್ತಿರ ಯಂತ್ರ ಇದೆಯೇ ಎಂದು ಕೇಳಿದ. ಇಲ್ಲ ಎಂದಳು. ಗೋದಾಮು? ಅದೂ ಇಲ್ಲ. ಹಾಗಾದರೆ ಏನಿದೆ?

"ಎರಡು ಚೀಲ ಬೀಜ ಅದಾವ್ರಿ. ಒಂದು ಹೆಣ್ಣು, ಒಂದು ಗಂಡು."

"ಹಂಗಾರ ನೀ ಮಾಡಿದ್ದು ವ್ಯಾಪಾರ ಅಲ್ಲ ಬಿಡು," ಎಂದ ಪರಮೇಶಪ್ಪ. "ಬೀಗತನ."

ಅಂಗಡಿಯ ಗಿರಾಕಿಗಳೂ ನಕ್ಕರು. ಹಾಲವ್ವ ಸೆರಗು ಸರಿಮಾಡಿಕೊಂಡು, ಗಂಡನಿಗೆ ತಂದಿದ್ದ ರೊಟ್ಟಿ ಬುತ್ತಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಅದೇ ಬಸ್ಸಿಗೆ ತಿರುಗಿ ಬಂದಳು. ಆ ಪಾಟ್ಲಿ ಅವಳ ಅವ್ವ ಸಾಯುವಾಗ ತನ್ನ ಕೈಯಿಂದ ಬಿಚ್ಚಿ ಇವಳ ಕೈಗೆ ಹಾಕಿದ್ದು. ಅದು ತಿರುಗಿ ತನ್ನ ಕೈಗೆ ಬರಬೇಕು, ಗಂಡನೇ ಅದನ್ನು ಕಣ್ಣಾರೆ ನೋಡಬೇಕು ಎಂದು ದಾರಿಯುದ್ದಕ್ಕೂ ಶಿವನನ್ನು ಕೇಳಿಕೊಂಡಳು. ಮನೆಗೆ ಬಂದವಳೇ ಶೇರು ಪತ್ರವನ್ನು ದೇವರ ಜಗಲಿಯ ಮೇಲಿಟ್ಟು ಅದಕ್ಕೂ ಮೂರು ಬೆರಳಿನ ವಿಭೂತಿ ಹಚ್ಚಿದಳು.

ಇದು ಎಂಬತ್ತಾರನೆಯ ಇಸವಿಯ ಬೇಸಿಗೆಯ ಮಾತು. ಕಂಪನಿ ಕಟ್ಟಿದವನು ಹಾಲವ್ವನ ಅಕ್ಕನ ಮಗ, ಶಿಗ್ಗಾವಿಯ ಮೈಲಾರಲಿಂಗಪ್ಪ. ಧಾರವಾಡದಲ್ಲಿ ಬೇಸಾಯದ ಓದು ಓದಿ, ಕೂದಲಿಗಿಂತ ಉದ್ದದ ಕನಸು ಬೆಳೆಸಿಕೊಂಡು ಬಂದವನು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ತಿರುಗಿ, ಹೌದೆಂದವರನ್ನೆಲ್ಲ ಹಂಸಭಾವಿಯ ಬಸವಣ್ಣನ ಗುಡಿಯ ಕಟ್ಟೆಗೆ ಕರೆತಂದು ಕೂರಿಸಿದ್ದ. ಎರಡು ಬೇರೆ ಬೇರೆ ಕುಲದ ಹತ್ತಿಯನ್ನು ಕೈಯಿಂದ ಕೂಡಿಸಿದರೆ ಹುಟ್ಟುವ ಬೀಜದಲ್ಲಿ ಎರಡರ ಗುಣವೂ ಇರುತ್ತದೆ, ಬೆಳೆ ದುಪ್ಪಟ್ಟು ಬರುತ್ತದೆ, ಪೇಪರಿನವರು ಇಂಥ ದಂಧೆಗೆ ಈಗ ಜೈವಿಕ ತಂತ್ರಜ್ಞಾನವೆಂದು ದೊಡ್ಡ ಹೆಸರು ಇಟ್ಟಿದ್ದಾರೆ ಎಂದು ಅವನು ಕೈ ಬೀಸಿ ಬೀಸಿ ಹೇಳಿದ.

ಮೊದಲು ಬಾಯಿ ತೆರೆದವನು ಸವಣೂರಿನ ಖಾದರಸಾಬ. ಮೂರು ತಲೆಮಾರಿನಿಂದ ವೀಳ್ಯದೆಲೆ ಮಾರಿದ ಮನೆತನ. ಬಾಡುವ ಮಾಲನ್ನು ಬಾಡುವುದರೊಳಗೆ ಮಾರುವುದು ಅವನಿಗೆ ನೀರು ಕುಡಿದಂತೆ.

"ಎಲಿ ನಾಲ್ಕು ದಿನಕ್ಕ ಬಾಡತೈತಿ, ಸಾಹೇಬ್ರ. ನಿಮ್ಮ ಮಾಲು?"

"ಜೀವ ಇರೂತನಕ ಬೀಜ, ಕಾಕಾ. ಜೀವ ಹೋತಂದ್ರ ಎಮ್ಮಿ ಮೇವು."

ಖಾದರಸಾಬನಿಗೆ ಈ ಉತ್ತರ ಹಿಡಿಸಿತು. ಸುಳ್ಳು ಹೇಳುವವನು ಎಮ್ಮೆಯ ಮಾತು ಎತ್ತುತ್ತಿರಲಿಲ್ಲ ಎಂದುಕೊಂಡು ಅಲ್ಲೇ ಶೇರು ಬರೆಸಿದ. ಆದರೆ ರೈತ ಒಮ್ಮೆ ಬೀಜ ಕೊಂಡು, ಮುಂದೆ ತನ್ನ ಹೊಲದ್ದನ್ನೇ ಬಿತ್ತಿಕೊಂಡರೆ ಕಂಪನಿಯ ಗತಿ ಏನು ಎಂದು ತಿಳವಳ್ಳಿಯ ಭತ್ತದ ರೈತರು ಅಡ್ಡ ಪ್ರಶ್ನೆ ಹಾಕಿದರು. ಬಿತ್ತಲಿ, ಮೊದಲ ಬೆಳೆ ಮಾತ್ರ ಒಂದೇ ಸಮ, ಅದರ ಕಾಳು ಬಿತ್ತಿದರೆ ಒಂದು ಗಿಡ ತಾಯಿಯಂತೆ, ಒಂದು ಅಜ್ಜನಂತೆ ಆಗಿ ಬೆಳೆ ಚೆಲ್ಲಾಪಿಲ್ಲಿಯಾಗುತ್ತದೆ, ಆದ್ದರಿಂದ ವರ್ಷವರ್ಷವೂ ಹೊಸ ಬೀಜಕ್ಕೆ ಬಂದೇ ಬರುತ್ತಾರೆ ಎಂದ ಮೈಲಾರಲಿಂಗಪ್ಪ. ಲಾಭ ಯಾವಾಗ ಎಂದು ಕೇಳಿದಾಗ ಮಾತ್ರ ಅವನ ಕೈ ಬೀಸುವುದು ನಿಂತಿತು. ಈ ವರ್ಷ ಬೀಜ ಮಾಡಬೇಕು, ಮೊಳಕೆ ನೋಡಬೇಕು, ಬರುವ ವರ್ಷ ರೈತರು ಬಿತ್ತಿ, ಕಣ್ಣಾರೆ ಕಂಡು, ನಂಬಬೇಕು. ನಂಬಿಕೆ ಹುಟ್ಟಿದ ಮೇಲೆ ಹಣ.

ಹಾಲವ್ವನಿಗೆ ಮಾತ್ರ ಇದೆಲ್ಲ ಎಂದೋ ಗೊತ್ತಿದ್ದ ಸಂಗತಿಯಂತೆ ಕಂಡಿತು. ಬೇರೆ ಕುಲ-ಬೆಡಗಿನ ಹೆಣ್ಣು ತರುವುದು, ಎರಡು ಮನೆಯವರು ಕಾಯುವುದು, ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಮುಖ ಹೊತ್ತು ಬರುವುದು, ಇದರಲ್ಲಿ ತಿಳಿಯದ್ದೇನಿದೆ? ಮೊದಲ ವರ್ಷದ ಬೀಜವೆಲ್ಲ ತನ್ನ ಎರೆಹೊಲದಲ್ಲೇ ಆಗಲಿ ಎಂದು ಅವಳೇ ಮುಂದೆ ಬಂದಳು. ಕಾಯಿ ಕಟ್ಟದಿದ್ದರೆ ಆ ಎರಡು ಚೀಲವೂ ಮಣ್ಣುಪಾಲು, ಕಂಪನಿಯೂ ಮಣ್ಣುಪಾಲು, ಪಾಟ್ಲಿಯಂತೂ ಹೋದಂತೆಯೇ.

ಶ್ರಾವಣ ಬಂತು. ಹತ್ತಿ ಎದೆಮಟ್ಟ ನಿಂತು ಮೊಗ್ಗು ಹಿಡಿಯಿತು. ಮೈಲಾರಲಿಂಗಪ್ಪ ಊರ ಹೆಂಗಸರಿಗೆ ಕ್ರಾಸಿಂಗ್ ಕೆಲಸ ಕಲಿಸಿದ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಒಳಗಿನ ಗಂಡು ಭಾಗವನ್ನೂ ಸುಲಿದು, ನಡುವಿನ ಹೆಣ್ಣುಕಡ್ಡಿಯೊಂದನ್ನೇ ಉಳಿಸಿ, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಆ ಟೊಪ್ಪಿಗೆ ತೆಗೆದು, ಗಂಡು ಸಾಲಿನ ಹೂ ತಂದು, ಅದರ ಹಳದಿ ಪರಾಗವನ್ನು ಕಡ್ಡಿಗೆ ಸವರಬೇಕು. ಒಂದು ಗಂಡು ಹೂ ನಾಲ್ಕೈದು ಹೆಣ್ಣು ಹೂಗಳಿಗೆ ಸಾಕು ಎಂದು ಅವನು ಹೇಳಿದ್ದೇ ತಡ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಸಾಲಿನಲ್ಲೇ ಕುಳಿತುಬಿಟ್ಟರು. ಪಾಪ, ಮದುವೆಯಾಗದ ಹುಡುಗ. ಕೆಂಪಗಾಗಿ, ಹಾನಗಲ್ಲಿನಲ್ಲಿ ಕೆಲಸವಿದೆ ಎಂದು ಹೇಳಿ ಸೈಕಲ್ಲು ಹತ್ತಿದ.

ಆ ಬೆಳಿಗ್ಗೆ ಹಾಲವ್ವ ಹೊಲದ ಬದುವಿನ ಮೇಲೆ ನಿಂತು ನೋಡಿದಳು. ಹಿಂದಿನ ಸಂಜೆ ಹಾಕಿದ ಸಾವಿರಾರು ಕೆಂಪು ಟೊಪ್ಪಿಗೆ. ಮುಸುಕು ಹಾಕಿಕೊಂಡು ಹಸೆಗೆ ಬಂದ ಮದುಮಗಳಂತೆ ಒಂದೊಂದು ಹೂ. ಅವಳ ಕಣ್ಣು ತುಂಬಿ ಬಂತು. ಊರಿನ ಯಾವ ಮದುವೆಯಲ್ಲೂ ಅರಿಷಿಣದ ಬಟ್ಟಲು ಹಿಡಿಯುವವಳು ಅವಳೇ. ಅರಿಷಿಣ ಹಚ್ಚದೆ ಗಂಡಿನ ಮುಂದೆ ಹೆಣ್ಣು ಕೂರಿಸಿದ ಮನೆ ಯಾವುದಿದೆ? ಮನೆಗೆ ಓಡಿ, ಎಣ್ಣೆಯಲ್ಲಿ ಕಲಸಿದ ಅರಿಷಿಣ ತಂದು, ಸಾಲಿಗೊಂದು ಬಟ್ಟಲು ಹಂಚಿದಳು. ಹೆಂಗಸರು ಸೋಬಾನ ಹಾಡುತ್ತ ಪ್ರತಿ ಹೂವಿನ ಕಡ್ಡಿಗೂ ಒಂದು ಬೊಟ್ಟು ಅರಿಷಿಣ ಹಚ್ಚಿ, ಆಮೇಲೆ ಪರಾಗ ಸವರಿದರು. ಬಟ್ಟಲು ಬೇಡವೆಂದವಳು ಒಬ್ಬಳೇ, ದಾರಿ ಬದಿಯ ಸಾಲಿನ ವೀರವ್ವ. ಹಾಲವ್ವನ ಮಗಳ ಮದುವೆಯಲ್ಲಿ ತನ್ನನ್ನು ಊಟಕ್ಕೆ ಕರೆದು ಅರಿಷಿಣಕ್ಕೆ ಕರೆಯಲಿಲ್ಲವೆಂದು ಅವಳು ಮಾತು ಬಿಟ್ಟಿದ್ದಳು. ಕೂಲಿಗೆ ಬಂದಿದ್ದಳು, ರಾಜಿಗೆ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದ ಮೈಲಾರಲಿಂಗಪ್ಪ ಹೂ ಪರೀಕ್ಷಿಸಿದ. ಕಡ್ಡಿಗಳೆಲ್ಲ ಹಳದಿ ಬಳಿದುಕೊಂಡು ಹೊಳೆಯುತ್ತಿದ್ದವು. ಪರಾಗ ಇಷ್ಟು ಚೆಂದ ಹತ್ತಿದ್ದನ್ನು ಕಾಲೇಜಿನಲ್ಲೂ ಕಂಡಿಲ್ಲ ಎಂದು ಅವನು ಕುಣಿದಾಡಿದ. ಹೆಂಗಸರು ಇನ್ನೂ ಹುರುಪಿನಿಂದ ದಿನವೂ ಹಾಡಿದರು, ದಿನವೂ ಹಚ್ಚಿದರು.

ಒಂದು ವಾರವೂ ತುಂಬಿರಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋದ ಹಾಲವ್ವನ ಕಾಲ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಬಗ್ಗಿ ನೋಡಿದರೆ ಮದುಮಕ್ಕಳೆಲ್ಲ ಒಣಗಿ ನೆಲಕ್ಕೆ ಉದುರಿದ್ದಾರೆ. ಮೈಲಾರಲಿಂಗಪ್ಪ ಹುಳು ಹುಡುಕಿದ, ತೇವ ನೋಡಿದ, ಕೊನೆಗೆ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಳಿತ. ಊರಿಗೆ ಮಾತ್ರ ಹಬ್ಬ. ಗಂಡಿನ ಕಡೆಯದೇ ದೋಷ ಎಂದು ಕೆಲವರು, ಜಾತಕ ನೋಡಿಸಬೇಕಿತ್ತು ಎಂದು ಕೆಲವರು. ಹಿರೇಕೆರೂರಿನಿಂದ ಪರಮೇಶಪ್ಪನೂ ಬಂದು ನೋಡಿ, ಬೀಗರು ಒಪ್ಪಲಿಲ್ಲವೇನು ಎಂದು ಕೇಳಿ ಹೋದ.

ಹಾಲವ್ವ ಶಿವನ ಹೆಸರು ಹಿಡಿದು ಸಾಲು ಸಾಲು ತಿರುಗಿದಳು. ದಾರಿ ಬದಿಯ ಸಾಲಿಗೆ ಬಂದು ಗಕ್ಕನೆ ನಿಂತಳು. ಅಲ್ಲಿ ಒಂದು ಹೂವೂ ಉದುರಿರಲಿಲ್ಲ. ಬಟಾಣಿ ಗಾತ್ರದ ಹಸಿರು ಕಾಯಿಗಳು ಟೊಂಗೆ ಟೊಂಗೆಗೆ ಕಚ್ಚಿ ಕುಳಿತಿದ್ದವು. ಮೊದಲು ಅವಳಿಗೆ ಬಂದದ್ದು ಸಂಶಯ. ವೀರವ್ವ ಒಳ್ಳೊಳ್ಳೆಯ ಗಂಡು ಹೂಗಳನ್ನೆಲ್ಲ ತನ್ನ ಸಾಲಿಗೇ ಬಳಸಿದಳೇ? ಕೇಳಿಯೇಬಿಡುವುದೆಂದು ನೆಟ್ಟಗೆ ಅವಳ ಮನೆಗೆ ಹೋದಳು. ವೀರವ್ವ ಪಡಸಾಲೆಯಲ್ಲಿ ಕಾರ ಕುಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ವೀರವ್ವ, ನಿನ್ನ ಸಾಲಿನಾಗ ಕಾಯಿ ಕಚ್ಯಾವ."

"ಕಚ್ಚಲಾರದ ಏನ ಮಾಡ್ತಾವ? ಅವರು ಹೇಳಿದಂಗ ಮಾಡೇನಿ."

"ನಾವೂ ಹಂಗ ಮಾಡೇವಲ್ಲ?"

ವೀರವ್ವ ಒನಕೆ ನಿಲ್ಲಿಸಿದಳು. "ನೀವು ಅರಿಷಿಣ ಹಚ್ಚೀರಿ. ನನಗ ಎರಡು ವರ್ಷದ ಹಿಂದ ಕರೀಲಾರದ ಅರಿಷಿಣ ಈಗ್ಯಾಕ ಬೇಕು?"

ಹಾಲವ್ವನ ಕಣ್ಣ ಮುಂದೆ ಹೊಲವೆಲ್ಲ ಒಂದು ಸುತ್ತು ತಿರುಗಿತು. ಎಣ್ಣೆ ಅರಿಷಿಣ ಮೆತ್ತಿಕೊಂಡ ಕಡ್ಡಿ, ಅದರ ಮೇಲೆ ನಿಲ್ಲಲಾರದೆ ಜಾರಿದ ಪರಾಗ, ಅರಿಷಿಣವನ್ನೇ ಪರಾಗವೆಂದು ತಿಳಿದು ಕುಣಿದ ಅಕ್ಕನ ಮಗ. ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಕಾರದ ಘಾಟಿಗೋ ಏನೋ ಇಬ್ಬರ ಕಣ್ಣಲ್ಲೂ ನೀರು. ವೀರವ್ವ ಬಿಗಿಹಿಡಿದ ಮುಖ ಸಡಿಲಿಸಲಾರದೆ ಸಡಿಲಿಸಿ, ಕೊನೆಗೆ ಒನಕೆ ತಬ್ಬಿಕೊಂಡು ನಕ್ಕಳು. ಹಾಲವ್ವ ಮನೆಗೆ ಹೋದವಳು ಕುಂಕುಮದ ಭರಣಿ ಹಿಡಿದು ಮತ್ತೆ ಬಂದು, ಹೊಸ್ತಿಲಲ್ಲಿ ನಿಂತು ಪದ್ಧತಿಯಂತೆ ಕುಂಕುಮ ಹಚ್ಚಿ, ಅರಿಷಿಣಕ್ಕೆ ಬರಬೇಕೆಂದು ಕರೆದಳು.

ಆ ಸಂಜೆಯೇ ಕಟ್ಟೆಯ ಮೇಲೆ ಶೇರುದಾರರ ಮುಂದೆ ನಡೆದದ್ದನ್ನೆಲ್ಲ ಹೇಳಿದಳು. ಖಾದರಸಾಬ ನಗುತ್ತ ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡ. ಮೈಲಾರಲಿಂಗಪ್ಪ ಮಾತ್ರ ಎದ್ದು ನಿಂತು, ಗಿಡಗಳು ಎಳೆಯವು, ಉದುರಿದ್ದರಿಂದ ಇನ್ನಷ್ಟು ಮೊಗ್ಗು ಹೊಡೆಯುತ್ತವೆ, ಕಾಲ ಇನ್ನೂ ಇದೆ ಎಂದ. ಆಮೇಲೆ ಹಾಲವ್ವನ ಕಡೆ ತಿರುಗಿದ.

"ಚಿಗವ್ವ, ಒಂದು ಸಾಲು ಬ್ಯಾರೆ ಇಟ್ಟು ತಾಳೆ ನೋಡಬೇಕಂತ ಓದಿದ್ದೆ. ಮಾಡೂದು ಮರತಿದ್ದೆ. ವೀರವ್ವಾರ ಸಿಟ್ಟು ಕಂಪನಿ ಉಳಸೇತಿ."

"ಹಂಗಾರ ಆಕಿಗೆ ವರ್ಷಾ ಸಿಟ್ಟು ಬರೂಹಂಗ ನೋಡಕೋಬೇಕ್ರಿ, ಅಕ್ಕಾರ," ಎಂದ ಖಾದರಸಾಬ.

ಮರುದಿನದಿಂದ ಹೆಂಗಸರು ಸೀಗೆಕಾಯಿಯಿಂದ ಕೈ ತೊಳೆದು ಹೊಲಕ್ಕಿಳಿದರು. ಅರಿಷಿಣವೇನೂ ನಿಲ್ಲಲಿಲ್ಲ. ಹೂವಿನ ಕೆಲಸ ಮುಗಿದ ಮೇಲೆ ತಮ್ಮತಮ್ಮ ಕೆನ್ನೆಗೆ ಹಚ್ಚಿಕೊಂಡರು, ಮೊದಲ ಬೊಟ್ಟು ವೀರವ್ವನಿಗೆ. ಕಾಯಿ ಕಟ್ಟಿತು, ಬಲಿಯಿತು, ಒಡೆಯಿತು. ಮೊಳಕೆ ಪರೀಕ್ಷೆಗೆ ಒದ್ದೆ ಬಟ್ಟೆ ಬೇಕೆಂದಾಗ, ಪರಮೇಶಪ್ಪ ಅಂಗಡಿಯಿಂದ ಒಂದು ಥಾನು ಬಿಳಿ ಬಟ್ಟೆಯನ್ನೇ ಕಳಿಸಿದ. ಬಟ್ಟೆ ಬಿಚ್ಚಿದ ದಿನ, ಸಾಲಾಗಿ ಬಾಲ ಬಿಟ್ಟು ಕೂತ ಬೀಜಗಳನ್ನು ನೋಡಿ ಹಾಲವ್ವ ಜಗಲಿಯ ದೇವರಿಗೆ ಅಡ್ಡಬಿದ್ದಳು. ಮುಂದಿನ ವರ್ಷ ಆಡೂರಿನ ಕಡೆಯ ರೈತರು ಬಿತ್ತಿ ನೋಡಿದರು. ಅದರಾಚೆಯ ವರ್ಷ ಬೀಜ ಸಾಲದೆ ಹೋಯಿತು.

ಎಂಬತ್ತೆಂಟರ ಶ್ರಾವಣದಲ್ಲಿ ಹಾಲವ್ವ ಕಂಪನಿಯ ಲಾಭದಲ್ಲಿ ಮಾಡಿಸಿದ ಹೊಸ ಪಾಟ್ಲಿ ಹಾಕಿಕೊಂಡು ಹೊಲಕ್ಕೆ ಬಂದಳು. ಮೊಗ್ಗಿಗೆ ಬಂಗಾರ ತಾಗಿ ಗಾಯವಾದೀತೆಂದು ಬದುವಿನ ಮೇಲೆಯೇ ಬಿಚ್ಚಿದಳು. ಯಾರ ಕೈಗೆ ಕೊಡುವುದು? ಅಂಗಡಿಗೆ ಬೀಗ ಹಾಕಿ, ಕ್ರಾಸಿಂಗ್ ನೋಡಲು ಬಂದಿದ್ದ ಗಂಡ ಎದುರಿಗೇ ಇದ್ದ.

"ಹಿಡೀರಿ ಇವನ್ನ. ಕಳೀಬ್ಯಾಡ್ರಿ ಮತ್ತ."

ಕಿಸೆ ಹರಿದಿತ್ತು. ನೆಲದ ಮೇಲಿಡಲು ಮನಸ್ಸು ಬಾರದೆ, ಪರಮೇಶಪ್ಪ ಅತ್ತಿತ್ತ ನೋಡಿ ಪಾಟ್ಲಿಗಳನ್ನು ತನ್ನ ಕೈಗೇ ಏರಿಸಿಕೊಂಡು, ಪಂಜೆಯ ತುದಿಯಲ್ಲಿ ಕೈ ಮುಚ್ಚಿಕೊಂಡು ಕುಳಿತ. ಬಿಸಿಲು ಏರುವವರೆಗೆ ಹಾಗೆಯೇ ಕುಳಿತಿದ್ದ. ಕಂಪನಿಯಲ್ಲಿ ಇನ್ನೂ ಶೇರು ಉಳಿದಿವೆಯೇ ಎಂದು ಹೆಂಡತಿಯನ್ನು ಕೇಳಲು ಎದ್ದು ನಿಂತಾಗ ಪಂಜೆಯ ತುದಿ ಜಾರಿ ಕೈಯ ಪಾಟ್ಲಿ ಹೊಳೆದವು. ದಾರಿ ಬದಿಯ ಸಾಲಿನಲ್ಲಿದ್ದ ವೀರವ್ವನೇ ಮೊದಲು ಕಂಡಳು.

"ಹಾಲವ್ವಾ, ಇಲ್ಲೊಂದು ಮದುಮಗಳು ಅರಿಷಿಣ ಇಲ್ಲದ ನಿಂತೈತಿ ನೋಡ."

ಕೆಲಸ ಮುಗಿದಿತ್ತು, ಬಟ್ಟಲುಗಳು ತುಂಬಿದ್ದವು. ಓಡಲು ಪರಮೇಶಪ್ಪನಿಗೆ ದಾರಿಯೇನೋ ಇತ್ತು, ಆದರೆ ಎರಡೂ ಕೈಗೆ ಪಾಟ್ಲಿ ಏರಿಸಿಕೊಂಡು ಹೇಗೆ ಓಡುವುದು, ಜಾರಿ ಬಿದ್ದು ಕಳೆದರೆ? ಕಣ್ಣು ಮುಚ್ಚಿ ನಿಂತುಬಿಟ್ಟ. ಹೆಂಗಸರು ಸೋಬಾನ ಹಾಡುತ್ತ ಬಂದು ಮುತ್ತಿದರು.