ಆಕಾಶದವರ ಮಾತು

ಏರ್‌ಶೋದ ಗೇಟು ದಾಟಿ ಒಳಗೆ ಹೋಗುವವರು ಬೇರೆ, ನಾವು ಬೇರೆ. ಗಲ್ಫಿನ ಈ ಊರಿನ ಸಿಲಿಕಾನ್ ಓಯಸಿಸ್ ಬಡಾವಣೆಯ ಫ್ಲಾಟಿನಿಂದ ಹೊರಟು, ಏರ್‌ಪೋರ್ಟಿನ ಬೇಲಿಯಾಚೆ ಮರಳಿನಲ್ಲಿ ಕಾರು ನಿಲ್ಲಿಸಿ, ಎರಡು ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತ ತಲೆ ಮೇಲೆತ್ತಿ ಕೂರುವ ಜಾತಿ ನಮ್ಮದು. ನನ್ನ ಗಂಡ ಇಗ್ನೇಶಿಯಸ್‌ಗೆ ಇದು ನವೆಂಬರಿನ ಹಬ್ಬ. ಕೈಯಲ್ಲೊಂದು ಸ್ಕ್ಯಾನರ್, ಅಂದರೆ ಪೈಲಟ್‌ಗಳು ಮಾತಾಡುವುದನ್ನು ಹಿಡಿದುಕೊಡುವ ಪುಟ್ಟ ರೇಡಿಯೊ. ಇಯರ್‌ಫೋನು ಅವರ ಕಿವಿಗೆ; ಕೇಳಿದ್ದನ್ನು ನನಗೆ ನಮ್ಮ ಮಾತಿನಲ್ಲಿ ಹೇಳುತ್ತಾರೆ. ಇಪ್ಪತ್ತಾರು ವರ್ಷದಿಂದ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಅಲ್ಲವೇ, ರಜೆಯ ದಿನವೂ ಇನ್ನೊಬ್ಬರ ಮಾತು ಕೇಳದೆ ಇವರಿಗೆ ತಿಂದ ಅನ್ನ ಕರಗುವುದಿಲ್ಲ.

ಈ ಸಲ ಆಕಾಶದವರ ಮಾತು ಬಹಳ ಚಂದವಿತ್ತು. ನಾನು ಶಾಲನ್ನು ಮುಖದ ಮೇಲೆ ಎಳೆದುಕೊಂಡು ಅರೆನಿದ್ದೆಯಲ್ಲಿದ್ದೆ. ಬಟ್ಟೆಯಾಚೆ ಬಿಸಿಲು ಹಳದಿಯಾಗಿ ಅಲುಗುತ್ತಿತ್ತು. ಶಾಲಿನ ಅಂಚು ಸರಿಸಿದೆ; ಐದು ವಿಮಾನಗಳು ಬಿಳಿ ಹೊಗೆ ಎಳೆಯುತ್ತ ಏರಿದವು. ಸದ್ದು ಆಮೇಲೆ, ಬೇರೆಲ್ಲಿಂದಲೋ ಬಂತು.

"ಮುಂದಿನವ ಹೇಳ್ತಾನೆ, ಇಲ್ಲಿಂದ ಸಮುದ್ರ ಕಾಣ್ತದೆ ಅಂತ," ಇವರು ಹೇಳಿದರು. "ಹಿಂದಿನವ ಕೇಳ್ತಾನೆ, ಎಂಥ ಬಣ್ಣ? ಅವ ಹೇಳ್ತಾನೆ, ಅಮ್ಮನ ಹಳೇ ಸೀರೆದ್ದು."

"ಅದಕ್ಕೆ ಹಿಂದಿನವ ಎಂಥ ಹೇಳಿದ?"

"ಹಾಗಾದ್ರೆ ಇಳಿಯುದು ಬೇಡ, ಹೀಗೇ ಇರುವ ಅಂತ."

ನನಗೂ ಹಾಗೇ ಅನಿಸಿತು. ಕುರ್ಚಿ ನೆಲ ಬಿಟ್ಟಂತೆ, ಮರಳು, ರಸ್ತೆ, ಕಾರುಗಳೆಲ್ಲ ಕೆಳಗೆ ಸಣ್ಣದಾಗುತ್ತ ಹೋದಂತೆ. ಮೂವತ್ತು ವರ್ಷದ ಸಂಸಾರದಲ್ಲಿ 'ಸಾರಿಗೆ ಉಪ್ಪು ಕಮ್ಮಿ'ಯಿಂದ ಆಚೆ ಹೋಗದ ಬಾಯಿ ಇವರದು. ಪರವಾಗಿಲ್ಲ ಈ ಪೈಲಟ್‌ಗಳು ಎಂದುಕೊಂಡೆ.

ಬಿಸ್ಕೆಟ್ ತರಲು ಇವರು ಕಾರಿನ ಕಡೆ ಹೋದರು. ಆ ಚಂದದ ಮಾತು ನಾನೂ ಕೇಳುವ ಎಂದು ಇಯರ್‌ಫೋನು ಕಿವಿಗಿಟ್ಟೆ. ಕಿವಿ ಒಡೆದೇ ಹೋಯಿತೆನಿಸಿತು. ವಾಲ್ಯೂಮು ಕೊನೆಗೆ ಹೋಗಿ ನಿಂತಿತ್ತು. ಯಾರೋ ಗಂಡಸು ಒಣ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: ಹೊಗೆ ಬಿಡಿ, ಹೊಗೆ ನಿಲ್ಲಿಸಿ, ಎಡಕ್ಕೆ ತಿರುಗಿ, ಈಗ. ಸಮುದ್ರವೂ ಇಲ್ಲ, ಸೀರೆಯೂ ಇಲ್ಲ.

"ಇಲ್ಲಿ ಕೇಳಿ," ಎಂದು ಕರೆದೆ. ಹತ್ತು ಹೆಜ್ಜೆಯಾಚೆ ಡಿಕ್ಕಿಯೊಳಗೆ ಬಗ್ಗಿದ್ದವರು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಪಕ್ಕದ ಕಾರಿನವರು ತಿರುಗಿದರು.

ಮೊದಲು ಬಂದದ್ದು ಸಿಟ್ಟು. ಹೋಗಿ ಕಿವಿಯ ಬುಡದಲ್ಲೇ ಕೇಳಿದೆ, "ಎಷ್ಟು ಸಮಯ ಆಯ್ತು?"

ಇವರು ಪೊಟ್ಟಣ ಬಿಡಿಸುತ್ತಲೇ ಇದ್ದರು. "ಈಸ್ಟರ್‌ನಿಂದ. ಸದ್ದು ಬರ್ತದೆ. ಮಾತು ಗೊತ್ತಾಗುದಿಲ್ಲ."

"ಹೋಟೆಲಲ್ಲಿ ಎಂಥ ಮಾಡ್ತೀರಿ?"

"ರೂಮ್ ನಂಬರ್ ಸ್ಕ್ರೀನಲ್ಲಿ ಬರ್ತದಲ್ಲ. ಬೆಳಿಗ್ಗೆ ಆದ್ರೆ ಟ್ಯಾಕ್ಸಿ, ಸಂಜೆ ಆದ್ರೆ ಟವೆಲ್. ಅಂದಾಜಲ್ಲಿ ಕಳಿಸುದು." ಒಂದು ಬಿಸ್ಕೆಟ್ ತೆಗೆದು ನನ್ನ ಕೈಗಿಟ್ಟರು. "ಮೊನ್ನೆ ರೂಮಿಂದ ಒಬ್ಳು ಡಾಕ್ಟರ್ ಬೇಕು ಅಂತ ಕೇಳಿದ್ಲಂತೆ. ನಾನು ಟವೆಲ್ ಕಳಿಸಿದೆ. ತಗೊಂಡು ಹೋದವ ಅವಳನ್ನು ನೋಡಿ ಡಾಕ್ಟರನ್ನು ಕರೀಲಿಕ್ಕೆ ಓಡಿದ ಕಾರಣ ಬದುಕಿದ್ಲು."

ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು. ಕೆಲಸ ಹೋದರೆ ಇವರ ವೀಸಾ ಹೋಯಿತು, ಅದರ ಮೇಲೆ ನಿಂತಿರುವ ನನ್ನದೂ ಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಇನ್ನೊಬ್ಬಳು ಡಾಕ್ಟರ್ ಬೇಕೆಂದು ಕೇಳುತ್ತಾಳೆ.

"ಮ್ಯಾನೇಜರ್‌ಗೆ ಹೇಳ್ಬೇಕು," ಎಂದೆ.

"ಹೇಳಿದ್ರೆ ಖಲಾಸ್, ಅಪೊಲೊನಿಯಾ."

ನಾನು ಒತ್ತಾಯ ಮಾಡಲಿಲ್ಲ. ತಲೆಯ ಮೇಲೆ ಹೊಗೆಯ ಗೆರೆಗಳು ಅಗಲವಾಗಿ, ಮೆತ್ತಗಾಗಿ, ಒಂದರೊಳಗೊಂದು ಕರಗುತ್ತಿದ್ದವು. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದೆವು. ಆಮೇಲೆ ಇವರು ಮೊಬೈಲಿನಲ್ಲಿ ಮ್ಯಾನೇಜರರ ನಂಬರ್ ತೆಗೆದು ನನ್ನ ಕೈಗೆ ಕೊಟ್ಟರು.

"ನೀನೇ ಮಾತಾಡು. ಅವರು ಹೇಳಿದ್ದನ್ನು ನಂಗೆ ಹೇಳು. ಇದ್ದ ಹಾಗೆ ಹೇಳ್ಬೇಕು."

ಮಾತಾಡಿದೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಫೋನ್ ಇಟ್ಟ ಮೇಲೆ ಕಿವಿಗೆ ಬಾಯಿ ಹಚ್ಚಿ ಹೇಳಿದೆ: ನಾಳೆಯಿಂದ ಫೋನಿನ ಮುಂದೆ ಕೂರುವುದು ಬೇಡವಂತೆ. ಒಂಬತ್ತಕ್ಕೆ ಕಿವಿಯ ಪರೀಕ್ಷೆಗೆ ಹೋಗಬೇಕಂತೆ. ಬೇರೆ ಕೆಲಸ ಕೊಡುತ್ತೇವೆಂದು ಈಗ ಹೇಳಲಾಗುವುದಿಲ್ಲವಂತೆ.

"ಬೇರೆ ಎಂಥಾದ್ರೂ ಹೇಳಿದ್ರಾ?"

ಒಂದು ಒಳ್ಳೆಯ ಮಾತು ಸೇರಿಸಲು ನಾಲಿಗೆ ತುರಿಸಿತು. ಇಪ್ಪತ್ತಾರು ವರ್ಷ ಚೆನ್ನಾಗಿ ದುಡಿದರು ಎಂದಾದರೂ. ಆ ಮನುಷ್ಯ ಅದನ್ನು ಹೇಳಿರಲಿಲ್ಲ.

"ಇಲ್ಲ," ಎಂದೆ.