ಎಡಗೈಯ ರೂಢಿ

ಭದ್ರಾವತಿಯ ಟೈಪಿಂಗ್ ಮೇಷ್ಟ್ರು ಷಡಕ್ಷರಪ್ಪನವರು ಊರಿನವರ ಕಣ್ಣು ತಪ್ಪಿಸಿ, ಕಂಪ್ಯೂಟರ್ ಕಲಿಯಲು ಶಿವಮೊಗ್ಗಕ್ಕೆ ಬಂದಿದ್ದರು. "ಕಂಪ್ಯೂಟರ್ ಎಲ್ಲ ನಾಲ್ಕು ದಿನದ ಆಟ. ಸೀನಿಯರ್ ಟೈಪಿಂಗ್ ಪಾಸಾದ್ರೆ ಕೆಲಸ ಕಟ್ಟಿಟ್ಟ ಬುತ್ತಿ" ಎಂದು ಕಂಡಕಂಡ ಅಪ್ಪಂದಿರಿಗೆಲ್ಲ ಹೇಳಿ ಮಕ್ಕಳನ್ನು ಸೇರಿಸಿಕೊಂಡವರು ಅವರೇ. ಈಗ ಅವರ ಟೈಪಿಂಗ್ ಮೆಷಿನ್‌ಗಳ ಮೇಲೆ ಹೊದಿಸಿದ ಬಟ್ಟೆ ತೆಗೆಯುವವರೇ ಇರಲಿಲ್ಲ. ಹೆಂಡತಿಗೂ ಮೆಷಿನ್ನಿಗೆ ರಿಬ್ಬನ್ ತರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದ್ದರು.

ಸವಳಂಗ ರಸ್ತೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ, ಪಕ್ಕದ ಕುರ್ಚಿಯಲ್ಲಿ ಮೈತ್ರಿ ಕೂತಿದ್ದಳು. ಹೋದ ವರ್ಷ ಅವರ ಹತ್ತಿರವೇ ಕಲಿತು ಸೀನಿಯರ್ ಪಾಸಾದ ಹುಡುಗಿ. ಇಬ್ಬರೂ ಮುಖ ಮುಖ ನೋಡಿಕೊಂಡು, ತಂತಮ್ಮ ಮಾನಿಟರಿನ ಕಡೆ ತಿರುಗಿದರು.

ಟೈಪ್ ಮಾಡಲು ಹೇಳಿದ್ದೇ ತಡ, ಮೇಷ್ಟ್ರ ಬೆರಳುಗಳಿಗೆ ಜೀವ ಬಂತು. ಆದರೆ ಸಾಲಿನ ಕೊನೆಗೆ ಟಿಣ್ ಎನ್ನುವ ಗಂಟೆ ಇಲ್ಲ, ಮುಂದಿನ ಸಾಲಿಗೆ ತಳ್ಳುವ ಹಿಡಿಯೂ ಇಲ್ಲ. ಮೂವತ್ತು ವರ್ಷದ ರೂಢಿಯ ಎಡಗೈ ಮಾತ್ರ ತಾನಾಗಿಯೇ ಎದ್ದು ಗಾಳಿಯನ್ನು ತಳ್ಳಿತು. ಅದೇ ಹೊತ್ತಿಗೆ ಮೈತ್ರಿಯ ಎಡಗೈಯೂ ಎದ್ದು ಮಾನಿಟರಿಗೆ ಬಡಿಯಿತು.

ಕಂಪ್ಯೂಟರ್ ಕಲಿಸುವ ಮಧು ಕಂಡಿದ್ದು ಅವಳೊಬ್ಬಳನ್ನೇ. "ಏನ್ರೀ ಇದು! ಸಾಲು ತಾನಾಗೇ ಕೆಳಗೆ ಹೋಗುತ್ತೆ. ಹಿಂಗೆ ಕೈ ಬೀಸೋದನ್ನ ಯಾರ್ರೀ ಕಲಿಸಿದ್ದು ನಿಮಗೆ?"

ಕ್ಲಾಸು ಗೊಳ್ಳೆಂದು ನಕ್ಕಿತು. ಮೈತ್ರಿ ಪಕ್ಕಕ್ಕೆ ತಿರುಗಲಿಲ್ಲ.

"ಭದ್ರಾವತೀಲಿ ಒಬ್ರು ಮೇಷ್ಟ್ರು ಕಲಿಸಿದ್ರು ಸಾರ್," ಎಂದಳು. "ಈಗ ಎಲ್ಲಿದಾರೋ ಗೊತ್ತಿಲ್ಲ."

ಷಡಕ್ಷರಪ್ಪನವರು ಇನ್ನೂ ಗಾಳಿಯಲ್ಲೇ ಇದ್ದ ಎಡಗೈಯನ್ನು ಸದ್ದಾಗದಂತೆ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು.