ಕನಕಮ್ಮನಿಗೆ ಹೊಡೆದ ರಿಲೇ

ಗಣಿಯೊಳಗೆ ಬಂಡೆ ಬಿದ್ದು ಬಲಗೈ ಸೋತ ಮೇಲೆ ಕೋದಂಡಪ್ಪ ಟ್ಯಾಕ್ಸಿ ಓಡಿಸತೊಡಗಿದ. ಸ್ಟಿಯರಿಂಗ್ ಹಿಡಿಯುವಷ್ಟು ಬಲ ಉಳಿದಿತ್ತು. ತಿರುಗುವಾಗ ಕೈಯನ್ನು ಕಿಟಕಿಯಾಚೆ ಚಾಚಿ ತೋರಿಸಲು ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ಹೆಂಡತಿ ಕನಕಮ್ಮ ಅವನ ಹಿಂದಿನ ಸೀಟಿನಲ್ಲಿ ಕೂತು, ಅವನ ಬದಲು ತಾನು ಕೈ ಚಾಚುತ್ತಿದ್ದಳು. ಬಂಗಾರಪೇಟೆ ಸ್ಟೇಷನ್ನಿಗೆ ದಿನಕ್ಕೆ ಮೂರು ನಾಲ್ಕು ಸಲ ಹೀಗೇ.

೧೯೬೭ರಲ್ಲಿ ಆಂಡರ್ಸನ್‌ಪೇಟೆಯ ಕಾರು ಎಲೆಕ್ಟ್ರಿಷಿಯನ್ ಆದಿನಾರಾಯಣ ಅವರಿಗೆ ತಿರುವು ತೋರಿಸುವ ದೀಪದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟ. ಒಳಗಿನ ಟ್ರಾನ್ಸಿಸ್ಟರು ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ತಂತಿಸುರುಳಿಗೆ ಕರೆಂಟು ಕೊಟ್ಟು ಬಿಟ್ಟು ಮಾಡಿದರೆ, ರಿಲೇ ಟಕ್ ಟಕ್ ಎಂದು ಕಾರಿನ ದೀಪ ಮಿನುಗುತ್ತಿತ್ತು. ಎರಡೇ ದಿನಕ್ಕೆ ಟ್ರಾನ್ಸಿಸ್ಟರು ಸತ್ತಿತು. ಬದಲಾಯಿಸಿದ. ಅದೂ ಸತ್ತಿತು.

“ಮಾಲೇ ಸರಿಯಿಲ್ಲ,” ಎಂದು ಗೊಣಗುತ್ತ ಆದಿನಾರಾಯಣ ರಿಲೇಯನ್ನು ಬಿಚ್ಚಿ ಮೇಜಿನ ಮೇಲಿಟ್ಟ. “ಅಕ್ಕಾ, ಈ ಸುರುಳಿ ಎರಡು ತುದಿ ವಸಿ ಇಡ್ಕೊ,” ಎಂದ ಪಕ್ಕದಲ್ಲಿ ನಿಂತಿದ್ದ ಕನಕಮ್ಮನಿಗೆ.

ಬ್ಯಾಟರಿಯ ವೈರು ತಾಗಿಸಿದ. ರಿಲೇ ಟಕ್ ಎಂದಿತು. ವೈರು ಎಳೆದ. ಕನಕಮ್ಮ ಚೀರಿ ಕೈ ಕೊಡವಿದಳು.

“ಅಯ್ಯಪ್ಪಾ! ಒಡೀತು ಕಣಣ್ಣಾ!”

“ಅನ್ನೆಲ್ಡು ವೋಲ್ಟು ಎಲ್ಲಾನಾ ಒಡೀತದಾ? ಸುಮ್ಕಿರಕ್ಕಾ,” ಎಂದು ಆದಿನಾರಾಯಣ ನಕ್ಕ.

“ಕೊಟ್ಟಾಗ ಏನೂ ಆಗ್ಲಿಲ್ಲ. ತೆಗ್ದಾಗ್ಲೇ ಒಡ್ದಿದ್ದು. ನೀನೇ ಇಡ್ದು ನೋಡು.”

ಹಿಡಿದು ನೋಡಿದ. ಮೊಣಕೈವರೆಗೆ ಜುಮ್ಮೆಂದಿತು. ಕರೆಂಟು ತಟ್ಟನೆ ನಿಂತಾಗ ಸುರುಳಿಯೇ ಬ್ಯಾಟರಿಗಿಂತ ಎಷ್ಟೋ ಜೋರಾಗಿ ಒದೆಯುತ್ತಿತ್ತು. ಪ್ರತಿ ಸಲವೂ ಆ ಒದೆ ತಿಂದು ತಿಂದು ಟ್ರಾನ್ಸಿಸ್ಟರು ಸಾಯುತ್ತಿತ್ತು.

ಒಂದೇ ದಿಕ್ಕಿಗೆ ಕರೆಂಟು ಬಿಡುವ ಪುಟ್ಟ ಡಯೋಡನ್ನು ರೇಡಿಯೋ ಅಂಗಡಿಯಿಂದ ತಂದು ಸುರುಳಿಯ ಎರಡು ತುದಿಗಳಿಗೆ ಬೆಸೆದ. ಪೆಟ್ಟಿಗೆಗೆ ಹೊಸ ಟ್ರಾನ್ಸಿಸ್ಟರು ಹಾಕಿ ಸ್ವಿಚ್ಚು ಒತ್ತಿದ. ರಿಲೇ ಅಲುಗಲೇ ಇಲ್ಲ. ಸುಟ್ಟ ವಾಸನೆ ಬಂತು. ಅವಸರದಲ್ಲಿ ಡಯೋಡನ್ನು ಹಿಂದುಮುಂದಾಗಿ ಬೆಸೆದಿದ್ದ. ಕರೆಂಟೆಲ್ಲ ಸುರುಳಿಯನ್ನು ಬಿಟ್ಟು ಡಯೋಡಿನ ಮೂಲಕವೇ ನುಗ್ಗಿ ಟ್ರಾನ್ಸಿಸ್ಟರನ್ನು ಸುಟ್ಟಿತ್ತು.

“ತಪ್ಪು ನಂದೇ ಅಕ್ಕಾ,” ಎಂದ. “ಆಗ ನಕ್ಕಿದ್ದೂ ತಪ್ಪೇ.”

“ಇರ್ಲಿ, ತಿರುಗ್ಸಿ ಆಕು,” ಎಂದಳು ಕನಕಮ್ಮ.

ಮತ್ತೊಂದು ಟ್ರಾನ್ಸಿಸ್ಟರು ಹಾಕಿ, ಈ ಸಲ ಡಯೋಡಿನ ಗೆರೆಯಿದ್ದ ತುದಿಯನ್ನು ಪಾಸಿಟಿವ್ ಕಡೆಗೆ ಬೆಸೆದ. ಈಗ ಒದೆ ಸುರುಳಿಯಲ್ಲೇ ಸುತ್ತಿ ಅಲ್ಲೇ ಆರಿಹೋಗುತ್ತಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು, ದೀಪ ಮಿನುಗುತ್ತಲೇ ಇತ್ತು.

“ಇನ್ಮೇಲೆ ನೀನು ಮನೇಲಿ ಆರಾಮಾಗಿರ್ಬೌದು,” ಎಂದ ಕೋದಂಡಪ್ಪ.



“ವಾರಕ್ಕೊಂದಿನ ಬತ್ತೀನಿ,” ಎಂದಳು ಕನಕಮ್ಮ. “ಸ್ಟೇಷನ್ ಅತ್ರ ಊವು ಮಾರೋರೆಲ್ಲ ಪರಿಚಯ ಆಗ್ಬುಟ್ಟವ್ರೆ. ಮುಂದಿನ್ ಸೀಟ್ನಾಗೆ ಕೂರ್ತೀನಿ, ಆಯ್ತಾ?”